ಇಮಾಮ್ ಸಾಬರ ಬದಲಿಗೆ

ಆ ಕತ್ತಿ ನಮ್ಮ ಮನೆಗೆ ಬಂದದ್ದು ೨೦೦೧ರ ನವೆಂಬರಿನಲ್ಲಿ, ಒಂದು ಕೌದಿಯೊಳಗೆ ಸುತ್ತಿಕೊಂಡು. ತಂದವರು ಯಾಕೂಬ್ ಭಾಯ್. ಅಮೆರಿಕದ ಡೆಟ್ರಾಯಿಟ್ ಹತ್ತಿರದ ಪ್ಲಿಮತ್‌ನಲ್ಲಿ ನಮ್ಮ ಮನೆ, ಕ್ಯಾಂಟನ್‌ನಲ್ಲಿ ಅವರ ಕಿರಾಣಿ ಅಂಗಡಿ, ನಡುವೆ ಏಳು ಮೈಲಿ. ಅವರು ಸವಣೂರಿನವರು, ನಾನು ರೋಣದ ಕಡೆಯವನು. ಜೋಳದ ಹಿಟ್ಟು ತರಲು ಹೋದವನು ಒಂದು ತಾಸು ಮಾತಾಡಿ, ಹಿಟ್ಟು ಅಲ್ಲೇ ಬಿಟ್ಟು ಬರುತ್ತಿದ್ದೆ ಅಂದರೆ ನಮ್ಮ ಸಲುಗೆ ಎಷ್ಟಿತ್ತು ಅಂತ ತಿಳಿಯಬಹುದು.

ಅವತ್ತು ಅವರು ಬೂಟು ಬಿಚ್ಚಲಿಲ್ಲ. ಬಾಗಿಲಲ್ಲೇ ನಿಂತು ಕೌದಿಯನ್ನು ಕೂಸಿನ ಹಾಗೆ ನನ್ನ ತೋಳಿಗೆ ದಾಟಿಸಿದರು.

"ಸಿದ್ದು, ಇದನ್ನ ನಾಕ ದಿನ ನಿಮ್ಮ ಮನ್ಯಾಗ ಇಟ್ಕೋ."

"ಏನೈತ್ರಿ ಭಾಯ್ ಇದರಾಗ?"

"ಮುತ್ಯಾನ ಕತ್ತಿ. ನಮ್ಮ ಓಣ್ಯಾಗ ಇಬ್ಬರ ಮನಿಗೆ ಸರ್ಕಾರದಿಂದ ಪತ್ರ ಬಂದಾವ. ಮಾತಾಡೂದೈತಿ, ಬರ್ರಿ ಅಂತ. ನಾಳೆ ನಮ್ಮ ಮನಿಗೂ ಯಾರರ ಬಂದು ನಿಂತ್ರ, ಇದೇನು ಅಂತ ಕೇಳಿದ್ರ, ಏನ್ ಹೇಳ್ಲಿ?"

"ಇಲ್ಲಿ ಅಂಗಡ್ಯಾಗ ಬಂದೂಕಾನ ಮಾರ್ತಾರ ಭಾಯ್. ಕತ್ತಿ ಇಟ್ಕೊಂಡ್ರ ತಪ್ಪೇನು?"

"ನಿಂಗ ತಪ್ಪಿಲ್ಲ," ಅಂದು ಸಣ್ಣಗೆ ನಕ್ಕು ಕಾರು ಹತ್ತಿದರು.

ಆ ಕತ್ತಿಯ ಕಥೆ ನನಗೆ ಮೊದಲೇ ಗೊತ್ತಿತ್ತು. ಯಾಕೂಬ್ ಭಾಯ್ ಅವರ ತಾಯಿ ಉಮ್ಮೆ ಕುಲ್ಸುಮ್ ಅವ್ವ ೧೯೯೮ರಲ್ಲಿ ಇಲ್ಲಿಗೆ ಬರುವಾಗ ಅದನ್ನು ಇದೇ ಕೌದಿಯಲ್ಲಿ ಸುತ್ತಿ ತಂದಿದ್ದರು. ಮೊಮ್ಮಗಳು ಮಲಗಿದ ಮೇಲೆ, ಅವರ ಊಟದ ಮೇಜಿನ ಮುಂದೆ ಕೂತು ಎಷ್ಟು ಸಲ ಕೇಳಿದ್ದೆನೋ. ಅದು ಅವರ ಮಾವನ ಅಪ್ಪ ಇಮಾಮ್ ಸಾಬರದು. ಮೂವತ್ತು ವರ್ಷ ಊರ ಬಾಗಿಲು ಕಾದವರು. ಒಂದು ರಾತ್ರಿಯೂ ಬಾಗಿಲು ಬಿಟ್ಟು ಕದಲಿದವರಲ್ಲ. ಆ ಕತ್ತಿ ಯಾರ ಮೈಯನ್ನೂ ಮುಟ್ಟಿರಲಿಲ್ಲ. ಅವ್ವ ಅದನ್ನೇ ಹೆಚ್ಚು ಹೆಮ್ಮೆಯಿಂದ ಹೇಳುತ್ತಿದ್ದರು.

ನಾಲ್ಕು ದಿನ ಅಂದದ್ದು ನಾಲ್ಕು ವರ್ಷವಾಯಿತು. ಭಾಯ್ ಕೇಳಲಿಲ್ಲ, ನಾನು ಕೊಡಲಿಲ್ಲ. ಮಲಗುವ ಕೋಣೆಯ ಕ್ಲಾಸೆಟ್ಟಿನಲ್ಲಿ, ಸೂಟ್‌ಕೇಸುಗಳ ಹಿಂದೆ ಅದು ನಿಂತಿತ್ತು. ಅದು ಬಂದ ಮರುವರ್ಷದ ದಸರೆಗೆ ನನ್ನ ಹೆಂಡತಿ ಗುರುದೇವಿಗೆ ಅದರ ನೆನಪಾಯಿತು.

"ಮನ್ಯಾಗ ಖರೇ ಆಯುಧ ಇಟ್ಕೊಂಡು ಬರೇ ಡ್ರಿಲ್ಲಿಂಗ್ ಮಷೀನಿಗೆ ಕುಂಕುಮ ಹಚ್ಚೂದೇನ್ರಿ? ತರ್ರಿ ಅದನ್ನ."

ಗ್ಯಾರೇಜಿನಲ್ಲಿ ಎರಡು ಕಾರು, ಹುಲ್ಲು ಕತ್ತರಿಸುವ ಯಂತ್ರ, ನನ್ನ ಲ್ಯಾಪ್‌ಟಾಪು, ಅವುಗಳ ನಡುವೆ ಇಮಾಮ್ ಸಾಬರ ಕತ್ತಿ. ನಾನೇ ಅದರ ತುದಿಗೆ ಒಂದು ನಿಂಬೆಹಣ್ಣು ಚುಚ್ಚಿದೆ. ಮಧ್ಯಾಹ್ನ ನೇಪರ್‌ವಿಲ್‌ನಲ್ಲಿದ್ದ ಅವಳ ತಮ್ಮನ ಮನೆಗೆ ಡ್ರೈವ್ ಮಾಡಿಕೊಂಡು ಹೋದೆವು. ಬಂದದ್ದು ನಾಲ್ಕನೆಯ ದಿನ. ನಿಂಬೆಹಣ್ಣು ಸೊರಗಿ ತುದಿಗೆ ಅಂಟಿಕೊಂಡಿತ್ತು. ಕಿತ್ತು ನೋಡಿದರೆ ಉಕ್ಕಿನ ಮೇಲೆ ನಾಣ್ಯದಷ್ಟಗಲ ಕರಿಯ ಕಲೆ. ಹುಳಿ ಉಕ್ಕನ್ನು ತಿಂದುಬಿಟ್ಟಿತ್ತು. ಎಣ್ಣೆ ಹಚ್ಚಿದೆ, ಉಜ್ಜಿದೆ, ಹೋಗಲಿಲ್ಲ. ಹಗಲೆಲ್ಲ ಆಫೀಸಿನಲ್ಲಿ ಬಿಡಿಭಾಗಗಳಿಗೆ ತುಕ್ಕು ಹಿಡಿಯುತ್ತದೆಯೇ ಅಂತ ಪರೀಕ್ಷಿಸುವ ಎಂಜಿನಿಯರ್ ನಾನು. ಭಾಯ್‌ಗೆ ಹೇಳಬೇಕು ಅಂದುಕೊಂಡೆ. ಮತ್ತೆ ಕೌದಿ ಸುತ್ತಿಟ್ಟೆ.

ಇನ್ನು ವಾಲ್ಟ್ ವಿಷಯ. ವಾಲ್ಟ್ ಕ್ರೂಗರ್ ನಮ್ಮ ಕಂಪನಿಯ ಟೂಲ್ ರೂಮಿನಿಂದ ನಿವೃತ್ತನಾದವನು, ಎತ್ತರದ ಮನುಷ್ಯ, ಬಿಳಿ ಮೀಸೆ. ಅವನ ಹಿರಿಯರು ಜರ್ಮನಿಯವರು. ಅವನೂ ಅವನ ಗೆಳೆಯರೂ ಸೇರಿ ಒಂದು ಕ್ಲಬ್ ಕಟ್ಟಿದ್ದರು. ನಾಲ್ಕುನೂರೈವತ್ತು ವರ್ಷದ ಹಿಂದಿನ ಜರ್ಮನ್ ಪೇಟೆಯೊಂದರ ನಾಗರಿಕರ ದಳ ಅಂತ ವೇಷ ಹಾಕಿಕೊಂಡು, ಬೇಸಿಗೆಯ ಕೊನೆಯ ಶನಿವಾರ ಭಾನುವಾರಗಳಲ್ಲಿ, ಊರಾಚೆಯ ಮೈದಾನದ ಮೇಳವೊಂದರಲ್ಲಿ ಪ್ರದರ್ಶನ ಕೊಡುತ್ತಿದ್ದರು. ಅವನಿನ್ನೂ ಕೆಲಸದಲ್ಲಿದ್ದಾಗ ಊಟದ ಬಿಡುವಿನಲ್ಲಿ ಅವನ ಮಾತು ಕೇಳುತ್ತ ಕೇಳುತ್ತ ನಾನೂ ಸೇರಿದೆ.

"ಆಗ ಪೊಲೀಸ್ ಅಂತ ಇರಲಿಲ್ಲ ಸಿದ್ದು," ಅಂತ ಹೇಳುತ್ತಿದ್ದ ವಾಲ್ಟ್. "ಚಪ್ಪಲಿ ಹೊಲಿಯುವವನು, ರೊಟ್ಟಿ ಸುಡುವವನು, ಇವರೇ ಪೇಟೆಯ ಕೋಟೆಗೋಡೆ ಕಾಯಬೇಕು. ಮನೆ ಇದ್ದವನು ಆಯುಧ ಇಟ್ಟಿರಲೇಬೇಕು, ತನ್ನ ಯೋಗ್ಯತೆಗೆ ತಕ್ಕಂತೆ. ವರ್ಷಕ್ಕೊಮ್ಮೆ ತಪಾಸಣೆ. ಆಯುಧ ಇಲ್ಲದವನನ್ನು ಪೂರ್ತಿ ಗಂಡಸು ಅಂತ ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ."

"ಬಡವರು ಏನು ಮಾಡುತ್ತಿದ್ದರು?"

"ಎರವಲು ತರುತ್ತಿದ್ದರು. ಈ ಬೀದಿಯ ತಪಾಸಣೆ ಮುಗಿಯುತ್ತಲೇ ಅದೇ ಕತ್ತಿ ಹಿತ್ತಲಿನಿಂದ ಪಕ್ಕದ ಬೀದಿಗೆ. ಸಿಕ್ಕಿಬಿದ್ದರೆ ಮಾನ ಹೋಯಿತು."

ನಮ್ಮ ಪ್ರದರ್ಶನದಲ್ಲೂ ಆ ತಪಾಸಣೆಯೇ ಮುಖ್ಯ ಆಟ. ವಾಲ್ಟ್ ದಳಪತಿ. ಅವನ ಕೈಯಲ್ಲಿ ಪಟ್ಟಿ. ಒಬ್ಬೊಬ್ಬರ ಹೆಸರು ಕರೆದು, ಆಯುಧ ಯಾರದು ಅಂತ ಕೇಳುತ್ತಾನೆ. ನನ್ನದು, ಪೇಟೆಯ ಸೇವೆಗೆ ಸಿದ್ಧ, ಅನ್ನಬೇಕು. ಲೆನ್ ಅನ್ನುವ ದಢೂತಿ ಮನುಷ್ಯ ರೊಟ್ಟಿಯಂಗಡಿಯವನ ಪಾತ್ರ ಮಾಡುತ್ತ, ಎರವಲು ಈಟಿಯ ಸಮೇತ ಸಿಕ್ಕಿಬೀಳುತ್ತಾನೆ. ಅವನ ಕೈಗೆ ಪೊರಕೆ ಕೊಡುತ್ತಾರೆ. ಜನ ನಗುತ್ತಾರೆ. ನನಗೆ ಎರಡು ವರ್ಷ ಕ್ಲಬ್ಬಿನದೇ ಈಟಿ. ಮೂರನೆಯ ವರ್ಷದಿಂದ ಸ್ವಂತದ್ದು ತರಬೇಕು, ಮನೆತನದ್ದಾದರೆ ಇನ್ನೂ ಚಂದ, ಯಾವ ದೇಶದ್ದಾದರೂ ಸರಿ, ಅದು ಅವರ ನಿಯಮ.

೨೦೦೫ರ ಜೂನಿನಲ್ಲಿ ನನಗೆ ಈ ದೇಶದ ಪೌರತ್ವ ಸಿಕ್ಕಿತು. ಡೆಟ್ರಾಯಿಟ್‌ನಲ್ಲಿ ಬಲಗೈ ಎತ್ತಿ, ಕಾನೂನು ಕೇಳಿದಾಗ ದೇಶದ ಪರವಾಗಿ ಆಯುಧ ಹಿಡಿಯುತ್ತೇನೆ ಅಂತಲೂ ಪ್ರಮಾಣ ಮಾಡಿದೆ. ನನಗಿಂತ ಮೊದಲೇ ಅಪ್ಲೈ ಮಾಡಿದ್ದ ಯಾಕೂಬ್ ಭಾಯ್ ಅವರ ಅರ್ಜಿ ಹೆಸರಿನ ತಪಾಸಣೆಯಲ್ಲಿ ಎರಡು ವರ್ಷದಿಂದ ಕೂತಿತ್ತು. ಆದರೂ ಅವರೇ ಅಂಗಡಿಯಿಂದ ಪೇಢೆ ಕಳಿಸಿದರು.

ವಾಲ್ಟ್ ಬೆನ್ನು ತಟ್ಟಿದ. "ದೇಶಕ್ಕೆ ಆಯುಧ ಹಿಡಿಯುತ್ತೇನೆ ಅಂದೆ. ನಮ್ಮ ಪೇಟೆಗೆ ಮಾತ್ರ ಕ್ಲಬ್ಬಿನ ಈಟಿಯೇನು?"

ಅವತ್ತು ಸಂಜೆ ನಾನು ಸೂಟ್‌ಕೇಸುಗಳನ್ನು ಸರಿಸಿದೆ.

ಭಾಯ್‌ಗೆ ಕೇಳಬಹುದಿತ್ತು. ಎರಡು ಸಲ ಅಂಗಡಿಗೆ ಹೋದೆ. ಎರಡು ಸಲವೂ ಕೌಂಟರಿನ ಮುಂದೆ ಗಿರಾಕಿಗಳಿದ್ದರು ಅಂತ ನನಗೆ ನಾನೇ ಹೇಳಿಕೊಂಡು, ಕೊತ್ತಂಬರಿ ಕಟ್ಟು ಹಿಡಿದುಕೊಂಡು ಹೊರಗೆ ಬಂದೆ. ಕೇಳಿದರೆ ಅವರು ಬೇಡ ಅನ್ನಬಹುದು. ಕೇಳದಿದ್ದರೆ ಅವರು ಬೇಡ ಅಂದ ಹಾಗಾಗುವುದಿಲ್ಲ. ಇಂಥ ಲೆಕ್ಕ ಹಾಕಿದವನು ನಾನು.

ಸೆಪ್ಟೆಂಬರಿನ ಮೊದಲ ಸೋಮವಾರ ಬರುವ ಲೇಬರ್ ಡೇ ರಜೆಯ ಹಿಂದಿನ ಭಾನುವಾರ ಮಧ್ಯಾಹ್ನ. ಫ್ಯಾರನ್‌ಹೀಟ್ ಲೆಕ್ಕದಲ್ಲಿ ತೊಂಬತ್ತು ಡಿಗ್ರಿ ಬಿಸಿಲು. ಹತ್ತಿ ತುಂಬಿದ ದಪ್ಪ ಅಂಗಿಯೊಳಗೆ ನಾನು ಬೇಯುತ್ತಿದ್ದೆ. ಬೆಂಚುಗಳ ಮೇಲೆ ಇನ್ನೂರು ಜನ. ಡೋಲು ಬಡಿದರು. ಚಮ್ಮಾರನಾಯಿತು, ಕಮ್ಮಾರನಾಯಿತು, ವಾಲ್ಟ್ ನನ್ನ ಮುಂದೆ ಬಂದು ನಿಂತ.

"ಆಯುಧ ಯಾರದು?"

"ನನ್ನದು. ಪೇಟೆಯ ಸೇವೆಗೆ ಸಿದ್ಧ."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ವಾಲ್ಟ್‌ಗೆ ಕತ್ತಿ ಮೆಚ್ಚುಗೆಯಾಗಿಬಿಟ್ಟಿತ್ತು. ಅದನ್ನು ಬಿಸಿಲಿಗೆ ಎತ್ತಿ ಹಿಡಿದು, ಜನರಿಗೆ ತೋರಿಸಿ, ಮತ್ತೆ ಕೇಳಿದ: "ದೂರದ ಕತ್ತಿ ಇದು. ಯಾರ ಕೈಯಿಂದ ಬಂತು? ಹೇಳು, ಪೇಟೆ ಕೇಳಲಿ."

ಇನ್ನೂರು ಮುಖ ನನ್ನ ಕಡೆ ತಿರುಗಿದವು.

"ನನ್ನ ಮುತ್ತಜ್ಜನದು," ಅಂದೆ. "ಅವರು ಊರ ಬಾಗಿಲು ಕಾಯುತ್ತಿದ್ದರು. ಮೂವತ್ತು ವರ್ಷ. ಒಂದು ರಾತ್ರಿಯೂ ಬಾಗಿಲು ಬಿಟ್ಟು ಕದಲಲಿಲ್ಲ. ಈ ಕತ್ತಿ ಯಾರ ಮೈಯನ್ನೂ ಮುಟ್ಟಿಲ್ಲ."

ಅವ್ವನ ಮಾತನ್ನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಂದಿದ್ದೆ. ಚಪ್ಪಾಳೆ ಬಿತ್ತು. ಯಾರೋ ಸಿಳ್ಳೆ ಹೊಡೆದರು. ನನ್ನ ಎದೆ ಹೇಗೆ ಉಬ್ಬಿತು ಅಂದರೆ, ಒಂದು ಗಳಿಗೆ ಅದು ಸುಳ್ಳು ಅಂತ ನನಗೇ ಅನ್ನಿಸಲಿಲ್ಲ.

ಆಮೇಲೆ ಮೂರನೆಯ ಬೆಂಚು ಕಂಡಿತು. ಯಾಕೂಬ್ ಭಾಯ್, ಅವರ ಪಕ್ಕ ಬಿಳಿಯ ದುಪಟ್ಟಾ ಹೊದ್ದ ಉಮ್ಮೆ ಕುಲ್ಸುಮ್ ಅವ್ವ, ಆ ಪಕ್ಕ ಹದಿನಾಲ್ಕು ವರ್ಷದ ಮಗಳು ಶಾಝಿಯಾ. ವಸಂತದಲ್ಲಿ ಯಾವಾಗಲೋ ನಾನೇ ಕರೆದಿದ್ದೆ. ಅಂಗಡಿ ಬಿಟ್ಟು ಬರೋದಾಗಲ್ಲ ಅಂದಿದ್ದರು. ಶಾಝಿಯಾ ಎರಡೂ ಕೈ ಮೇಲೆತ್ತಿ ಚಪ್ಪಾಳೆ ತಟ್ಟುತ್ತಿದ್ದಳು. ಭಾಯ್ ಕೈಗಳು ತೊಡೆಯ ಮೇಲಿದ್ದವು. ಅವರು ನನ್ನ ಮುಖ ನೋಡುತ್ತಿರಲಿಲ್ಲ. ಕತ್ತಿಯ ತುದಿ ನೋಡುತ್ತಿದ್ದರು.

ವಾಲ್ಟ್ ಹುರುಪಿನಲ್ಲಿದ್ದ. ಪ್ರೇಕ್ಷಕರಲ್ಲಿ ಒಬ್ಬಿಬ್ಬರನ್ನು ದಳಕ್ಕೆ ಕರೆಯುವುದು ಆಟದ ಮುಂದಿನ ಭಾಗ. ಅವನು ನೇರ ಮೂರನೆಯ ಬೆಂಚಿಗೆ ಹೋದ.

"ನೀವು, ಸರ್. ಗಟ್ಟಿಮುಟ್ಟಾಗಿದ್ದೀರಿ. ನಿಮ್ಮ ಮನೆಯಲ್ಲಿ ಏನು ಆಯುಧ ಇದೆ?"

ಯಾಕೂಬ್ ಭಾಯ್ ಎದ್ದು ನಿಂತರು. ಎರಡೂ ಅಂಗೈಗಳನ್ನು ಎದೆಯ ಮಟ್ಟಕ್ಕೆ ತಂದು, ತೆರೆದು ತೋರಿಸಿದರು. ಮುಖದಲ್ಲಿ ನಗು ಇತ್ತು. ಗಿರಾಕಿ ಹಳೇ ಬಿಸ್ಕತ್ತು ವಾಪಸ್ ತಂದಾಗ ನಗುವ ನಗು.

"ಏನೂ ಇಲ್ಲ ಸರ್. ನಮ್ಮ ಮನೆಯಲ್ಲಿ ಅಂಥದ್ದು ಯಾವತ್ತೂ ಇರಲಿಲ್ಲ. ನಮ್ಮ ಹಿರಿಯರು ಅತ್ತರು ಮಾರುವವರು."

ಜನ ನಕ್ಕರು. "ಹಾಗಾದರೆ ಶತ್ರುವನ್ನು ವಾಸನೆಯಿಂದ ಓಡಿಸಬಹುದು," ಅಂದ ವಾಲ್ಟ್. ಇನ್ನೂ ನಕ್ಕರು. ಇಂಗ್ಲಿಷ್ ಬಾರದ ಅವ್ವ ಮಗನ ತೋಳು ಜಗ್ಗಿ ಏನೋ ಕೇಳುತ್ತಿದ್ದರು. ಭಾಯ್ ಕೂತು, ಅವ್ವನ ಕಿವಿಗೆ ಬಗ್ಗಿ ಹೇಳಿದರು. ಅವ್ವ ತಲೆ ಎತ್ತಿ ನನ್ನನ್ನು ನೋಡಿದರು.

ಪ್ರದರ್ಶನ ಮುಗಿದ ಮೇಲೆ ಶಾಝಿಯಾ ಒಬ್ಬಳೇ ಓಡಿ ಬಂದಳು. "ಅಂಕಲ್, ದಟ್ ವಾಸ್ ಸೋ ಕೂಲ್. ವೀ ಹ್ಯಾವ್ ನಥಿಂಗ್ ಲೈಕ್ ದಟ್." ಕತ್ತಿಯ ವಿಷಯ ಅವಳಿಗೆ ಮೊದಲಿನಿಂದಲೂ ತಿಳಿಸಿರಲೇ ಇಲ್ಲ. ಕತ್ತಿ ನಮ್ಮ ಮನೆಗೆ ಬಂದಾಗ ಅವಳಿಗೆ ಹತ್ತು ವರ್ಷ. ಶಾಲೆಯಲ್ಲಿ ಹೇಳಿಬಿಟ್ಟಾಳು ಅಂತ ಮುಚ್ಚಿಟ್ಟಿದ್ದರು. ನಾನು ಅವಳಿಗೆ ಥ್ಯಾಂಕ್ಯೂ ಅಂದೆ. ಇದನ್ನೂ ಬರೆಯಲೇಬೇಕು. ಥ್ಯಾಂಕ್ಯೂ ಅಂದೆ.

ಮನೆಯಲ್ಲಿ ಗುರುದೇವಿಗೆ ಹೇಳಿದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಅವರ ಮುತ್ಯಾನ್ನ ನಿಮ್ಮ ಮುತ್ಯಾ ಮಾಡ್ಕೊಂಡ್ರೇನು?"

"ಬಾಯಿಗೆ ಬಂತು, ಅಂದ್ಬಿಟ್ಟೆ."

"ನಿಮ್ಮ ಮುತ್ಯಾ ಎಲ್ಲಿದ್ದ ಆವಾಗ? ಹಗೇವಿನ್ಯಾಗ. ಅದನ್ನ ಹೇಳಬೇಕಿತ್ತಿಲ್ಲೋ?"

ಹೌದು. ಹಗೇವು ಅಂದರೆ ನೆಲದೊಳಗೆ ಜೋಳ ತುಂಬುವ ಕುಣಿ. ನಮ್ಮೂರಿಗೆ ದರೋಡೆಕೋರರು ಬಂದ ರಾತ್ರಿ ನನ್ನ ಮುತ್ತಜ್ಜ ಹಗೇವಿನೊಳಗೆ ಇಳಿದು ಮೇಲೆ ಕಲ್ಲು ಎಳೆದುಕೊಂಡಿದ್ದ. ಮುತ್ತಜ್ಜಿ ಗಂಗವ್ವ ಒನಕೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮರುದಿನದಿಂದ ನಮ್ಮ ಮನೆತನಕ್ಕೆ ಊರಲ್ಲಿ ಹಗೇವಿನವರು ಅಂತಲೇ ಹೆಸರು. ನನ್ನಪ್ಪ ಸಂತೆಯಲ್ಲಿ ಎತ್ತು ಕೊಳ್ಳುವಾಗಲೂ, "ಹಗೇವಿನವರು ಬಂದ್ರು, ಕಲ್ಲು ಸರಸ್ರಿ," ಅನ್ನುತ್ತಿದ್ದರು. ನಾನು ಶಾಲೆಯಲ್ಲಿ ಅದಕ್ಕಾಗಿ ಹೊಡೆದಾಡಿ ಸೋತಿದ್ದೇನೆ. ಎಂಟು ಸಾವಿರ ಮೈಲಿ ದೂರ ಬಂದ ಮೇಲೆ, ಹಗೇವು ಅಂದರೇನು ಅಂತ ಗೊತ್ತಿಲ್ಲದ ಇನ್ನೂರು ಜನರ ಮುಂದೆ, ಬೇರೆಯವರ ಮುತ್ತಜ್ಜನನ್ನು ಎತ್ತಿಕೊಂಡೆ.

ಮರುದಿನ ರಜೆ. ಕತ್ತಿಯನ್ನು ಅದೇ ಕೌದಿಯಲ್ಲಿ ಸುತ್ತಿಕೊಂಡು ಕ್ಯಾಂಟನ್‌ಗೆ ಹೋದೆ. ಬಾಗಿಲು ತೆಗೆದ ಯಾಕೂಬ್ ಭಾಯ್ ಕೌದಿ ನೋಡಿ ಒಳಗೆ ಕರೆಯಲಿಲ್ಲ. ಗ್ಯಾರೇಜಿಗೆ ಕರೆದುಕೊಂಡು ಹೋಗಿ ದೊಡ್ಡ ಬಾಗಿಲನ್ನು ಕೆಳಗಿಳಿಸಿದರು.

"ತಪ್ಪಾತ್ರಿ ಭಾಯ್," ಅಂದೆ.

"ಶಾಝಿಯಾ ಮ್ಯಾಲೆ ಅದಾಳ. ಸಣ್ಣಗ ಮಾತಾಡು."

"ಬರೋ ಶನಿವಾರ ಎಲ್ಲಾರ ಮುಂದ ಹೇಳ್ತೀನಿ. ಇದು ನಂದಲ್ಲ, ಯಾಕೂಬ್ ಭಾಯ್ ಅವರದು ಅಂತ."

"ಹಂಗೇನರ ಹೇಳೀಯಪಾ ಮತ್ತ." ಅವರು ಅಕ್ಕಿ ಚೀಲದ ಮೇಲೆ ಕೂತರು. "ಎರಡು ವರ್ಷದಿಂದ ನನ್ನ ಹೆಸರು ನೋಡಾಕತ್ತಾರ. ಇನ್ನೂ ನೋಡಿ ಮುಗಿದಿಲ್ಲ. ನೀ ಇದನ್ನ ಹಿಡಕೊಂಡು ನಿಂತ್ರ ಚಪ್ಪಾಳಿ ಹೊಡೀತಾರ ಸಿದ್ದು. ನಾ ಹಿಡಕೊಂಡು ನಿಂತ್ರ ಏನ್ ಹೊಡೀತಾರ, ನೀನ ಹೇಳು."

ನಾನು ಕೌದಿಯನ್ನು ಇನ್ನೊಂದು ತೋಳಿಗೆ ಬದಲಿಸಿದೆ.

"ಕೇಳಿದ್ರ ನಾ ಕೊಡ್ತಿದ್ದೆ," ಅಂದರು. "ವೇಷಕ್ಕ ಅಲ್ಲೇನು, ತಗೊಂಡು ಹೋಗು ಅಂತಿದ್ದೆ. ಕೇಳಲಿಲ್ಲ ನೀ."

ಅಷ್ಟರಲ್ಲಿ ಒಳಬಾಗಿಲು ತೆರೆದು ಉಮ್ಮೆ ಕುಲ್ಸುಮ್ ಅವ್ವ ಬಂದರು. ನಾನು ಕೌದಿಯನ್ನು ಅವರ ಮುಂದೆ ಇಟ್ಟೆ. ಅವರು ಕೌದಿ ಬಿಚ್ಚಿದರು, ಕತ್ತಿಯ ಮೇಲೆ ಹಿಡಿಯಿಂದ ತುದಿಯ ತನಕ ಹೆಬ್ಬೆರಳು ಎಳೆದರು. ತುದಿಯಲ್ಲಿ ಬೆರಳು ನಿಂತಿತು.

"ಇದೇನು ಕಲಿ?"

"ನಿಂಬಿಹಣ್ಣಿಂದು, ಅವ್ವಾ. ಆಯುಧ ಪೂಜಿ ಮಾಡಿದ್ವಿ. ತಗಿಯೂದು ಮರತ್ವಿ."

ಅವರು ಮೂಗಿನಲ್ಲೇ ನಕ್ಕರೋ, ಉಸಿರು ಬಿಟ್ಟರೋ ತಿಳಿಯಲಿಲ್ಲ. "ಪೂಜಿ ಮಾಡಿದ್ದು ಚಲೋ ಆತು. ಉಕ್ಕಿಗೆ ಹುಳಿ ಆಗಂಗಿಲ್ಲ ಅಂತ ನಿಮ್ಮ ಮನ್ಯಾಗ ಯಾರೂ ಹೇಳಲಿಲ್ಲೇನು?"

"ನಮ್ಮ ಮನ್ಯಾಗ ಯಾವತ್ತೂ ಕತ್ತಿ ಇರಲಿಲ್ಲ, ಅವ್ವಾ."

ಅದನ್ನು ಹೇಳಿದ ಮೇಲೆ ಉಳಿದದ್ದೂ ಬಂತು. ಹಗೇವು, ಕಲ್ಲು, ಒನಕೆ, ಸಂತೆ, ಎಲ್ಲ. ಯಾಕೂಬ್ ಭಾಯ್ ನೆಲ ನೋಡುತ್ತ ಕೂತಿದ್ದರು. ಅವ್ವ ಪೂರ್ತಿ ಕೇಳಿದರು.

"ಹೆದರಿ ಕುಣ್ಯಾಗ ಕುಂತಾಂವ ಯಾರದೇನು ತಗೊಂಡಾನಪ್ಪ?" ಅಂದರು. "ಅದಕ್ಕ ನಾಚಬ್ಯಾಡ. ನಿನ್ನಿ ಹೇಳಿದ್ದಕ್ಕ ನಾಚು."

"ಹೂಂ, ಅವ್ವಾ."

"ನನ್ನ ಮಗನ ಹೆಸರು ಎಲ್ಲೂ ತಗೀಬ್ಯಾಡ. ಆದ್ರ ಇಮಾಮ್ ಸಾಬರು ಸತ್ತು ತೊಂಬತ್ತು ವರ್ಷ ಆತು. ಅವರದು ಯಾವ ಅರ್ಜಿನೂ ಕುಂತಿಲ್ಲ. ಅವರ ಹೆಸರು ಹೇಳು."

ಕತ್ತಿಯನ್ನು ಅವರೇ ಕೌದಿಯಲ್ಲಿ ಸುತ್ತಿದರು. ನಾನು ಅದನ್ನು ಮೂಲೆಯಲ್ಲಿ ಇಡಲು ಹೋದೆ. ಯಾಕೂಬ್ ಭಾಯ್ ತಲೆ ಅಲ್ಲಾಡಿಸಿದರು.

"ತಗೊಂಡು ಹೋಗು. ನಮ್ಮ ಮನ್ಯಾಗ ಇಡೂ ವ್ಯಾಳ್ಯಾ ಇನ್ನೂ ಬಂದಿಲ್ಲ."

ಶನಿವಾರ ಬಿಸಿಲು ಕಡಿಮೆಯಿತ್ತು. ಡೋಲು ಬಡಿದರು. ವಾಲ್ಟ್ ನನ್ನ ಮುಂದೆ ಬಂದ.

"ಆಯುಧ ಯಾರದು?"

"ನನ್ನದಲ್ಲ. ಎರವಲು ತಂದದ್ದು. ಹೋದ ವಾರ ಹೇಳಿದ್ದು ಸುಳ್ಳು."

ಬೆಂಚುಗಳಿಂದ ದೊಡ್ಡ ನಗು ಎದ್ದಿತು. ಇದೂ ಆಟ ಅಂದುಕೊಂಡರು. ಲೆನ್ ಸಾಲಿನ ಕೊನೆಯಿಂದ ಕಣ್ಣು ಕೆಕ್ಕರಿಸಿದ; ಅವನ ಪಾತ್ರವನ್ನು ನಾನು ಕಸಿದುಕೊಂಡಿದ್ದೆ. ವಾಲ್ಟ್ ಬಗ್ಗಿ ಪಿಸುಗುಟ್ಟಿದ: "ಏನು ಮಾಡ್ತಿದ್ದೀಯ ಸಿದ್ದು? ಅದು ಲೆನ್‌ನದು."

"ನಿಜ ಹೇಳ್ತಿದ್ದೀನಿ ವಾಲ್ಟ್."

ಅವನು ನನ್ನ ಮುಖ ನೋಡಿದ. ಪಟ್ಟಿ ನೋಡಿದ. ಆಟ ನಿಲ್ಲಿಸುವಂತಿರಲಿಲ್ಲ, ಜನ ಕಾಯುತ್ತಿದ್ದರು. ದನಿ ಎತ್ತಿ ಕೇಳಿದ: "ಹಾಗಾದರೆ ಯಾರದು?"

"ಇಮಾಮ್ ಸಾಬ್ ಅನ್ನುವವರದು. ಊರ ಬಾಗಿಲು ಕಾದವರು ಅವರು. ಮೂವತ್ತು ವರ್ಷ."

"ಎಲ್ಲಿದ್ದಾನೆ ಅವನು? ಯಾಕೆ ಬರಲಿಲ್ಲ?"

"ತೀರಿಕೊಂಡಿದ್ದಾರೆ."

ಮತ್ತೆ ನಗು. ವಾಲ್ಟ್‌ಗೆ ದಾರಿ ಸಿಕ್ಕಿತು. "ಆಯುಧ ಅವನದಾದರೆ ಕಾವಲೂ ಅವನದೇ. ನೀನು ಅವನ ಬದಲಿಗೆ ಬಂದವನು ಅಷ್ಟೇ," ಅಂದು, ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ಗೆರೆ ಎಳೆದು ಏನೋ ಬರೆದ. ಕತ್ತಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮೇಜಿನ ಮೇಲಿಟ್ಟ. ಪೊರಕೆ ಕೊಟ್ಟ.

ಇಡೀ ಮಧ್ಯಾಹ್ನ ಪೊರಕೆ ಹಿಡಿದು ನಿಂತೆ. ಜನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಒಬ್ಬಾಕೆ, "ಸ್ವಲ್ಪ ನಾಚಿದ ಹಾಗೆ ಮುಖ ಮಾಡಿ," ಅಂದಳು. ಮಾಡಿದೆ. ಅದು ಸರಿಯಾಗಿ ಬರಲಿಲ್ಲ ಅಂತ ಇನ್ನೊಂದು ತೆಗೆದಳು.

ಆಟದ ಕೊನೆಗೆ ವಾಲ್ಟ್ ಪಟ್ಟಿ ಹಿಡಿದು ಕಾವಲಿನವರ ಹೆಸರು ಕೂಗುವುದು ರೂಢಿ. ಚಮ್ಮಾರ, ಕಮ್ಮಾರ, ಅದಾದ ಮೇಲೆ ನನ್ನ ಹೆಸರು ಬರಬೇಕು. ಅವನು ಪಟ್ಟಿಯನ್ನು ಕಣ್ಣಿನ ಹತ್ತಿರ ತಂದು, ಅಮೆರಿಕದ ನಾಲಗೆಯಲ್ಲಿ ತಡವರಿಸಿಕೊಂಡು, ಮೈದಾನಕ್ಕೆಲ್ಲ ಕೇಳುವ ಹಾಗೆ ಕೂಗಿದ:

"ಇಮಾಮ್ ಸಾಬ್."

"ಇದ್ದೇನೆ," ಅಂದೆ. ಪೊರಕೆಯನ್ನು ಭುಜಕ್ಕೆ ಆನಿಸಿ ಒಂದು ಹೆಜ್ಜೆ ಮುಂದೆ ಬಂದೆ.

ಬರುವಾಗ ಕ್ಯಾಂಟನ್ ಎಕ್ಸಿಟ್ ತೆಗೆದುಕೊಂಡೆ. ಅಂಗಡಿ ತುಂಬಿತ್ತು. ವೇಷ ಬಿಚ್ಚಿದ್ದರೂ ಒಳಗಿನ ಅಂಗಿಯ ತೋಳಿನಲ್ಲಿ ಪೊರಕೆಯ ಕಡ್ಡಿ ಒಂದೆರಡು ಸಿಕ್ಕಿಕೊಂಡಿದ್ದವು. ಕೊತ್ತಂಬರಿ ಕಟ್ಟು ಹಿಡಿದು ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಯಾಕೂಬ್ ಭಾಯ್ ತಲೆ ಎತ್ತದೆ ಕೇಳಿದರು:

"ಹೇಳಿದೇನು?"

"ಹೇಳಿದೆ."

"ಏನಂದ್ರು?"

"ನಕ್ರು, ಭಾಯ್."

ಅವರು ಕೊತ್ತಂಬರಿಯನ್ನು ಚೀಲಕ್ಕೆ ಹಾಕಿದರು. ನನ್ನ ತೋಳಿನಿಂದ ಒಂದು ಕಡ್ಡಿ ಕಿತ್ತು ಕೌಂಟರಿನ ಮೇಲಿಟ್ಟರು. ಆಮೇಲೆ ನನ್ನ ಹಿಂದಿದ್ದವರ ಬುಟ್ಟಿಯನ್ನು ಹತ್ತಿರ ಎಳೆದುಕೊಂಡರು.